ಓದುಗರ ಪ್ರಶ್ನೆ: ಕೋಲ್ಟ್ರೇನ್ ವಿಡಿಯೋ ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಮಗ ಅಮೆರಿಕದ ಜಾಝ್ ವಾದಕ ಜಾನ್ ಕೋಲ್ಟ್ರೇನ್ ಸ್ಯಾಕ್ಸೊಫೋನ್ ವಿಡಿಯೋ ಹಾಕಿಕೊಟ್ಟ. ಎಲ್ಲಾ ಕಪ್ಪು-ಬಿಳುಪು, ಒಂದು ಹಾಡು ಶುರುವಾದರೆ ಮುಗಿಯೋದೇ ಇಲ್ಲ. ಮೊದಲು ಯಾವುದು ನೋಡಲಿ?
– ಒಬ್ಬ ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: 1961ರಲ್ಲಿ ಜರ್ಮನಿಯ ಬಾಡೆನ್-ಬಾಡೆನ್‌ನಲ್ಲಿ ಟಿವಿಗಾಗಿ ನುಡಿಸಿದ್ದು ನೋಡಿ. ‘ಮೈ ಫೇವರಿಟ್ ಥಿಂಗ್ಸ್’ ಅದರಲ್ಲಿದೆ, ಧಾಟಿ ಬೇಗ ಬಾಯಿಗೆ ಬರುತ್ತದೆ. ಕೋಲ್ಟ್ರೇನ್ ಕೈಯಲ್ಲಿ ನೆಟ್ಟಗಿನ ಸೊಪ್ರಾನೊ ಸ್ಯಾಕ್ಸ್, ಜೊತೆಗೆ ಎರಿಕ್ ಡಾಲ್ಫಿ ಕೊಳಲು. ಉದ್ದ ಅಂತೀರಲ್ಲ, ಕುಮಾರ ಗಂಧರ್ವರು ಹುಟ್ಟಿದ ಸೀಮೆಯವರು ನೀವು, ವಿಲಂಬಿತ ಖಯಾಲ್ ಕೇಳುವ ತಾಳ್ಮೆ ಇಲ್ಲಿಗೂ ಸಾಕು. ಪಿಯಾನೋದ ಮೆಕಾಯ್ ಟೈನರ್ ಒಂದೆರಡು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ) ಹಿಡಿದು ಕೂತಿರುತ್ತಾರೆ, ಅದರ ಮೇಲೆ ಕೋಲ್ಟ್ರೇನ್ ಬೆಳೆಸುತ್ತಾ ಹೋಗುತ್ತಾರೆ. ಸಿತಾರ್‌ನ ರವಿಶಂಕರ್ ಮೇಲೆ ಅಷ್ಟು ಅಭಿಮಾನ, ಮಗನಿಗೆ ರವಿ ಅಂತಲೇ ಹೆಸರಿಟ್ಟರು!

ಆಮೇಲೆ 1963ರ ‘ಜಾಝ್ ಕ್ಯಾಶುವಲ್’ ಟಿವಿ ಕಾರ್ಯಕ್ರಮ. ಅಲ್ಲಿನ ‘ಅಲಬಾಮಾ’ ಚಿಕ್ಕದು, ಆದರೆ ಎದೆ ಹಿಂಡುತ್ತದೆ. ಆ ವರ್ಷ ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನ ಚರ್ಚ್‌ನಲ್ಲಿ ಬಾಂಬ್ ಸಿಡಿದು 4 ಹುಡುಗಿಯರು ಸತ್ತಿದ್ದರು, ಅದು ಗೊತ್ತಿದ್ದು ಕೇಳಿದರೆ ಬೇರೆಯೇ.

1965ರ ಬೆಲ್ಜಿಯಂನದ್ದು ಕೊನೆಗಿರಲಿ. ಬಯಲಲ್ಲಿ ನುಡಿಸುತ್ತಾ ನುಡಿಸುತ್ತಾ ಡ್ರಮ್ಮರ್ ಎಲ್ವಿನ್ ಜೋನ್ಸ್ ಮೈಯಿಂದ ಹಬೆ ಏಳುವುದು ಕಾಣುತ್ತದೆ, ಸುಳ್ಳಲ್ಲ. ಮೊದಲೇ ಇದನ್ನು ಹಾಕಿದರೆ ಮನೆಯವರು ಟಿವಿ ಬಂದ್ ಮಾಡ್ತಾರೆ, ಅಷ್ಟೇ.

ಮತ್ತೆ, ಫೋನಿನ ಸ್ಪೀಕರ್‌ನಲ್ಲಿ ಬೇಡ. ಬೇಸ್ ಕೇಳಿಸೋದೇ ಇಲ್ಲ, ಇಯರ್‌ಫೋನ್ ಹಾಕಿಕೊಳ್ಳಿ.