8,000 ರಿಂಗಿಟ್ ಸಂಬಳದಲ್ಲಿ ಪೆನಾಂಗ್‌ನಲ್ಲಿ ಇಬ್ಬರ ಸಂಸಾರ ನಡೆಯುತ್ತಾ?

ನಿಮ್ಮ ಪ್ರಶ್ನೆ ಇದು: "ನಾವು ಚಿತ್ರದುರ್ಗದವರು. ನನ್ನ ಗಂಡನಿಗೆ ಮಲೇಷ್ಯಾದ ಪೆನಾಂಗ್‌ನಲ್ಲಿ ಕೆಲಸ ಸಿಕ್ಕಿದೆ. ತಿಂಗಳಿಗೆ 8,000 ರಿಂಗಿಟ್. ನಾವಿಬ್ಬರೇ, ಸಸ್ಯಾಹಾರಿಗಳು. ಸಾಕಾಗುತ್ತಾ? ಇಲ್ಲಿಂದ ಏನೇನು ಒಯ್ಯಬೇಕು?"

ಸಾಕಾಗುತ್ತದೆ. ಕೈಯಲ್ಲಿ ಉಳಿಯುತ್ತದೆ ಕೂಡ. ಆದರೆ ಮೊದಲ ಆರು ತಿಂಗಳು ಅದು 8,000 ಅಲ್ಲ, 5,600. ಇದನ್ನು ನಮಗೆ ಯಾರೂ ಮೊದಲೇ ಹೇಳಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾವು ದಾವಣಗೆರೆಯವರು. 2022ರ ಆಗಸ್ಟ್‌ನಲ್ಲಿ ಹೋದೆವು, 2024ರ ಕೊನೆಗೆ ವಾಪಸ್ ಬಂದೆವು. ನಮ್ಮ ಯಜಮಾನರ ಸಂಬಳವೂ ಹೆಚ್ಚುಕಡಿಮೆ ನಿಮ್ಮಷ್ಟೇ. ಕೆಲಸ ಬಾಯಾನ್ ಲೆಪಾಸ್ ಕಡೆ. ಅಲ್ಲಿನ ಎಲೆಕ್ಟ್ರಾನಿಕ್ಸ್ ಫ್ಯಾಕ್ಟರಿಗಳು 1972ರಷ್ಟು ಹಿಂದಿನವು. ನಿಮ್ಮವರೂ ಬಹುಶಃ ಅಲ್ಲಿಗೇ ಇರಬೇಕು.

ತೆರಿಗೆಯ ವಿಷಯ ಹೀಗಿದೆ. ಹೊಸದಾಗಿ ಹೋದವರು 182 ದಿನ ಪೂರೈಸುವ ತನಕ ಅಲ್ಲಿನ ಲೆಕ್ಕದಲ್ಲಿ ಹೊರಗಿನವರು. ಹೊರಗಿನವರ ಸಂಬಳಕ್ಕೆ ನೇರವಾಗಿ 30 ಪರ್ಸೆಂಟ್ ತೆರಿಗೆ. 8,000ದಲ್ಲಿ 2,400 ಕೈಗೆ ಬರುವ ಮೊದಲೇ ಹೋಯಿತು. ಆಮೇಲೆ ಒಳಗಿನವರ ಲೆಕ್ಕಕ್ಕೆ ಬಂದರೆ ತಿಂಗಳಿಗೆ ಐನೂರು ಆರುನೂರರಲ್ಲಿ ಮುಗಿಯುತ್ತದೆ. ನಾವು ಹೋದದ್ದು ಆಗಸ್ಟ್. ಡಿಸೆಂಬರ್‌ಗೆ 182 ದಿನ ಆಗಲೇ ಇಲ್ಲ. ಆದರೂ ಮುಂದಿನ ವರ್ಷ ಬಿಡದೆ ಅಲ್ಲೇ ಇದ್ದದ್ದರಿಂದ ಎರಡೂ ವರ್ಷ ಜೋಡಿಸಿ ರಿಟರ್ನ್ ಹಾಕಿದರು, ಹಿಡಿದ ದುಡ್ಡಿನಲ್ಲಿ ಬಹುಪಾಲು ವಾಪಸ್ ಬಂತು. ಬಂತು, ಆದರೆ ಮುಂದಿನ ವರ್ಷ. ಬೇಕಾಗಿದ್ದದ್ದು ಮೊದಲ ತಿಂಗಳಲ್ಲಿ, ಅಲ್ವಾ? ಸೇರುವ ದಿನಾಂಕ ನಿಮ್ಮ ಕೈಯಲ್ಲಿದ್ದರೆ ವರ್ಷದ ಮೊದಲರ್ಧದಲ್ಲೇ ಸೇರಿಕೊಳ್ಳಿ. ಕಂಪನಿಯ ಎಚ್‌ಆರ್‌ನವರನ್ನು ಈಗಲೇ ಒಂದು ಮಾತು ಕೇಳಿ.

ಇನ್ನು ಮನೆ. ನಮ್ಮದು ಮೂರು ಬೆಡ್‌ರೂಮಿನ ಹಳೇ ಅಪಾರ್ಟ್‌ಮೆಂಟ್, ಹದಿಮೂರನೇ ಮಹಡಿ, ಬಾಡಿಗೆ 1,500. ಅಲ್ಲಿನ ರೂಢಿ ಪ್ರಕಾರ ಎರಡು ತಿಂಗಳ ಬಾಡಿಗೆ ಡಿಪಾಸಿಟ್, ಕರೆಂಟು-ನೀರಿಗೆ ಅಂತ ಇನ್ನರ್ಧ ತಿಂಗಳದ್ದು, ಮೇಲೆ ಒಂದು ತಿಂಗಳ ಬಾಡಿಗೆ ಮುಂಗಡ. ಒಟ್ಟು ಮೂರೂವರೆ ತಿಂಗಳು, ಅಂದರೆ 5,250. ಕೈಗೆ ಬಂದ ಸಂಬಳ 5,600. ಉಳಿದದ್ದು 350 ರಿಂಗಿಟ್! ಆ ತಿಂಗಳು ಚನ್ನಗಿರಿಯಿಂದ ಮಾವನವರು ಕಳಿಸಿದ ಅಡಿಕೆ ದುಡ್ಡಿನಲ್ಲಿ ಊಟ ಮಾಡಿದೆವು. ವಿದೇಶಕ್ಕೆ ದುಡಿಯಲು ಹೋದ ಮಗನಿಗೆ ಊರಿಂದ ದುಡ್ಡು! ಮಾವನವರು ಈಗಲೂ ಮದುವೆ ಮನೆಗಳಲ್ಲಿ ಇದನ್ನು ಹೇಳಿ ನಗುತ್ತಾರೆ.

ಆದ್ದರಿಂದ ಹೊರಡುವಾಗ 7,000-8,000 ರಿಂಗಿಟ್‌ನಷ್ಟು ಕೈಯಲ್ಲಿ ಇಟ್ಟುಕೊಳ್ಳಿ. ನಾವಿದ್ದಾಗ ಒಂದು ರಿಂಗಿಟ್‌ಗೆ ಸುಮಾರು 18 ರೂಪಾಯಿ ಇತ್ತು, ಈಗಿನ ರೇಟು ನೋಡಿಕೊಂಡು ಲೆಕ್ಕ ಹಾಕಿ. ಮನೆಗೆ ಕಾಲಿಟ್ಟ ದಿನವೇ ಗೋಡೆ, ಎಸಿ, ಬಚ್ಚಲು ಎಲ್ಲ ವಿಡಿಯೊ ಮಾಡಿಟ್ಟುಕೊಳ್ಳಿ. ಬಿಡುವಾಗ ನಮ್ಮ ಓನರ್ ಗೋಡೆಯ ಮೊಳೆ ತೂತು, ಎಸಿ ಸರ್ವೀಸ್ ಅಂತ 600 ಮುರಿದುಕೊಂಡ. ಆ ತೂತು ನಾವು ಹೋಗುವ ಮೊದಲೇ ಇದ್ದವು. ತೋರಿಸಲು ನಮ್ಮ ಹತ್ತಿರ ಏನೂ ಇರಲಿಲ್ಲ.

ಇನ್ನು ಸೆಕೆ. ದುರ್ಗದ ಏಪ್ರಿಲ್ ಬಿಸಿಲು ಕಂಡವರು ನಾವು, ಇದೇನು ಮಹಾ ಅಂದುಕೊಂಡಿದ್ದೆ. ಆದರೆ ನಮ್ಮದು ಒಣ ಬಿಸಿಲು, ನೆರಳಿಗೆ ಬಂದರೆ ಜೀವ ಬರುತ್ತದೆ. ಅಲ್ಲಿ ನೆರಳಲ್ಲೂ ಬೆವರು, ರಾತ್ರಿಯೂ ಬೆವರು, ವರ್ಷವಿಡೀ ಅದೇ. ನಾನು ಹೋದ ಹೊಸದರಲ್ಲಿ ನಮ್ಮೂರ ಮಂಡಕ್ಕಿ ಒಂದು ದೊಡ್ಡ ಚೀಲ ಒಯ್ದಿದ್ದೆ. ಸಂಜೆ ಚೀಲ ಬಿಚ್ಚಿ ಒಗ್ಗರಣೆ ಹಾಕಿದೆ, ಚೆನ್ನಾಗಿತ್ತು. ಚೀಲದ ಬಾಯಿಗೆ ಸುಮ್ನೆ ರಬ್ಬರ್ ಬ್ಯಾಂಡ್ ಹಾಕಿಟ್ಟೆ. ಮರುದಿನ ಬೆಳಿಗ್ಗೆ ಒಂದು ಹಿಡಿ ಬಾಯಿಗೆ ಹಾಕಿಕೊಂಡರೆ ಹಲ್ಲಿಗೆ ಸದ್ದೇ ಇಲ್ಲ, ಹತ್ತಿ ಅಗಿದ ಹಾಗೆ. ಬಾಣಲೆಯಲ್ಲಿ ಬಿಸಿ ಮಾಡಿದರೆ ಐದು ನಿಮಿಷ ಗರಿ, ಆಮೇಲೆ ಮತ್ತೆ ಮೆತ್ತಗೆ. ಖಡಕ್ ರೊಟ್ಟಿಯದೂ ಅದೇ ಕಥೆ. ಬೀರುವಿನಲ್ಲಿದ್ದ ರೇಷ್ಮೆ ಸೀರೆಗೂ ಚರ್ಮದ ಚಪ್ಪಲಿಗೂ ಬೂಷ್ಟು ಬಂತು. ಒಳ್ಳೆಯ ಸೀರೆ ಎರಡೇ ಒಯ್ಯಿರಿ.

ಹಾಗಾಗಿ ಎಸಿ ಬೇಕೇ ಬೇಕು. ನಾವಿದ್ದಾಗ ಮನೆ ಕರೆಂಟು ಮೊದಲ 200 ಯೂನಿಟ್‌ಗೆ ತಲಾ 21.8 ಸೆನ್ (ನೂರು ಸೆನ್‌ಗೆ ಒಂದು ರಿಂಗಿಟ್), 300 ದಾಟಿದರೆ 51.6 ಸೆನ್. ಆ ಗೆರೆ ದಾಟುತ್ತಿದ್ದದ್ದು ಎಸಿಯಿಂದಲೇ. ರಾತ್ರಿ ಮಲಗುವ ಕೋಣೆಗೆ ಮಾತ್ರ ಹಾಕುತ್ತಿದ್ದೆವು, ಬಿಲ್ 150ರ ಆಸುಪಾಸು ನಿಲ್ಲುತ್ತಿತ್ತು. ಗ್ಯಾಸ್ ಅಗ್ಗ, 14 ಕೆಜಿ ಸಿಲಿಂಡರ್‌ಗೆ ಸರ್ಕಾರಿ ದರ 26.60. ಮನೆಗೆ ತಂದುಕೊಟ್ಟವನಿಗೆ ನಾಲ್ಕೈದು ರಿಂಗಿಟ್ ಮೇಲೆ. ನೀರಿನ ಬಿಲ್ಲಂತೂ ಹತ್ತು ರಿಂಗಿಟ್ ಮುಟ್ಟುತ್ತಿರಲಿಲ್ಲ, ನಲ್ಲಿ ತಿರುಗಿಸಿದರೆ ಯಾವಾಗಲೂ ನೀರು. ಒಂದೇ ಒಂದು ಸಲ, 2024ರ ಜನವರಿಯಲ್ಲಿ, ದೊಡ್ಡ ವಾಲ್ವ್ ಬದಲಾಯಿಸಬೇಕು ಅಂತ ನಾಲ್ಕು ದಿನ ನೀರು ನಿಲ್ಲಿಸುವುದಾಗಿ ಹೇಳಿದರು. ಬಿಲ್ಡಿಂಗಿಗೆ ಬಿಲ್ಡಿಂಗೇ ಗಾಬರಿ, ಅಂಗಡಿಗಳಲ್ಲಿ ಬಕೆಟ್‌ಗೆ ನೂಕುನುಗ್ಗಲು. ನಾನು ಇದ್ದ ಪಾತ್ರೆ, ಕುಕ್ಕರ್, ಮಾಪ್ ಬಕೆಟ್ ಎಲ್ಲ ತುಂಬಿಸಿ ಆರಾಮಾಗಿ ಕೂತೆ. ವಾರಕ್ಕೊಂದು ಸಲ ನಲ್ಲಿ ಬರುವ ಊರಲ್ಲಿ ಬೆಳೆದವಳಿಗೆ ನಾಲ್ಕು ದಿನ ಏನು ಲೆಕ್ಕ? ಪಕ್ಕದ ಮನೆಯ ಚೀನೀ ಅಜ್ಜಿಗೂ ಎರಡು ಬಕೆಟ್ ಕೊಟ್ಟೆ.

ಅಡುಗೆ ಮನೆಯ ಖರ್ಚು ನಿಮ್ಮ ನಾಲಿಗೆಯ ಮೇಲೆ ನಿಂತಿದೆ. ಹಾಲು ಲೀಟರ್‌ಗೆ ಏಳೆಂಟು ರಿಂಗಿಟ್. ನಂದಿನಿ ಪ್ಯಾಕೆಟ್ ನೆನೆದು ಕಣ್ಣೀರು ಬರುತ್ತದೆ. ಮೊಸರನ್ನು ಮನೆಯಲ್ಲೇ ಹೆಪ್ಪು ಹಾಕಿ, ಆ ಸೆಕೆಗೆ ನಾಲ್ಕು ಗಂಟೆಯಲ್ಲಿ ಗಟ್ಟಿಯಾಗುತ್ತದೆ. ಬೆಣ್ಣೆ ಕೊಳ್ಳುವಾಗ ಉಪ್ಪಿಲ್ಲದ್ದೇ ನೋಡಿ ತಗೊಳ್ಳಿ. ನಾನು ಉಪ್ಪಿನ ಬೆಣ್ಣೆ ತಂದು ಬೆಣ್ಣೆ ದೋಸೆ ಮಾಡಿ, ಹಿಟ್ಟಿನಲ್ಲೂ ಉಪ್ಪು ಮೇಲೂ ಉಪ್ಪು ಆಗಿ ಚೆಲ್ಲಿದ್ದೇನೆ. ಉದ್ದು, ತೊಗರಿ, ಇಡ್ಲಿ ಅಕ್ಕಿ, ಕರಿಬೇವು ಎಲ್ಲ ತಮಿಳರ ಅಂಗಡಿಗಳಲ್ಲಿ ಸಿಗುತ್ತವೆ. ಪೆನಾಂಗ್‌ನ ಮುಖ್ಯ ಪಟ್ಟಣ ಜಾರ್ಜ್‌ಟೌನ್‌ನ ಲಿಟಲ್ ಇಂಡಿಯಾಕ್ಕೆ ತಿಂಗಳಿಗೊಮ್ಮೆ ಹೋದರೆ ಸಾಕು. ಜೋಳದ ಹಿಟ್ಟು ಮಾತ್ರ ನನಗೆ ಒಂದೆರಡು ಸಲ ಸಿಕ್ಕಿದ್ದು, ಅದೂ ಕಮಟು.

ತರಕಾರಿಯನ್ನು ಸೂಪರ್ ಮಾರ್ಕೆಟ್‌ನಲ್ಲಿ ಕೊಳ್ಳಬೇಡಿ. ಬೆಳಿಗ್ಗೆ ಏಳಕ್ಕೆ ಕೈಚೀಲ ಹಿಡಿದು ಪಾಸಾರ್‌ಗೆ, ಅಂದರೆ ಮಾರ್ಕೆಟ್‌ಗೆ ಹೋಗಿ. ಪ್ಲಾಸ್ಟಿಕ್ ಚೀಲಕ್ಕೆ ಪೆನಾಂಗ್‌ನಲ್ಲಿ ಬಹಳ ವರ್ಷದಿಂದ ಕಟ್ಟುನಿಟ್ಟು. ಅಲ್ಲಿ ಕಾಯಿ ತುರಿದು ಕೊಡುವ ಅಂಗಡಿ ಇರುತ್ತದೆ. ಕಾಯಿ ಒಡೆದು ಮಿಷನ್‌ಗೆ ಹಿಡಿದರೆ ಒಂದು ನಿಮಿಷದಲ್ಲಿ ಬಿಸಿಬಿಸಿ ತುರಿ. ನಾನು ಮೊದಲ ಸಲ ಸುಮ್ಮನೆ ಕೈ ತೋರಿಸಿದೆ, ಕಂದು ಸಿಪ್ಪೆ ಸಮೇತ ತುರಿದು ಕೊಟ್ಟರು. ಚಟ್ನಿ ಮಣ್ಣಿನ ಬಣ್ಣಕ್ಕೆ ತಿರುಗಿತು. "ಕೆಲಾಪಾ ಪಾರುಟ್ ಪುತಿಹ್" ಅಂತ ಕೇಳಬೇಕು. ಪುತಿಹ್ ಅಂದರೆ ಬಿಳಿ. ಆಗ ಸಿಪ್ಪೆ ಕೆರೆದು ಮಲ್ಲಿಗೆಯಂಥ ತುರಿ ಕೊಡುತ್ತಾರೆ.

ಈರುಳ್ಳಿಯಲ್ಲಿ ಒಂದು ತಮಾಷೆ. ನಮ್ಮ ಈರುಳ್ಳಿಗೆ ಅಲ್ಲಿ ಹೆಸರೇ "ಬವಾಂಗ್ ಇಂಡಿಯಾ". 2023ರ ಡಿಸೆಂಬರ್‌ನಲ್ಲಿ ನಮ್ಮ ಸರ್ಕಾರ ಈರುಳ್ಳಿ ರಫ್ತು ನಿಲ್ಲಿಸಿತು, ಮೇ ತನಕ ತೆರೆಯಲಿಲ್ಲ. ನನ್ನ ಖಾಯಂ ಅಂಗಡಿಯ ಹೆಂಗಸು ಬೇರೆ ದೇಶದ ಈರುಳ್ಳಿ ತೂಗುತ್ತಾ, ರೇಟು ಏರಿದ್ದಕ್ಕೆ ನನ್ನ ಮುಖ ನೋಡಿ ಗೊಣಗುತ್ತಿದ್ದಳು, ಬಾಗಿಲು ಹಾಕಿದವಳು ನಾನೇ ಅನ್ನುವ ಹಾಗೆ. ಅತ್ತ ಚಿತ್ರದುರ್ಗದ ಈರುಳ್ಳಿ ಬೆಳೆಗಾರರು ರೇಟು ಬಿತ್ತು ಅಂತ ಗೋಳಾಡುತ್ತಿದ್ದರು. ಎರಡೂ ಕಡೆಯ ಬೈಗುಳ ಒಂದೇ ಬೆಳೆಗೆ.

ಹೊರಗೆ ತಿನ್ನುವುದು ಅಗ್ಗ. ನಾವಿದ್ದಾಗ ರೊಟಿ ಚನಾಯ್, ಅಂದರೆ ಅಲ್ಲಿನ ಪರೋಟ, ಎರಡು ರಿಂಗಿಟ್ ಒಳಗೆ, ಬಾಳೆಲೆ ಊಟ ಹತ್ತರ ಸುಮಾರಿಗೆ. ಆದರೆ ಸಸ್ಯಾಹಾರಿಗಳಿಗೆ ಎಚ್ಚರ ಬೇಕು. ಬರೀ ಸೊಪ್ಪಿನ ಪಲ್ಯ ಅಂದುಕೊಂಡದ್ದರಲ್ಲಿ ಬೆಲಾಚನ್ ಇರುತ್ತದೆ, ಅದು ಸೀಗಡಿ ಅರೆದು ಮಾಡಿದ್ದು. ನಾಸಿ ಲೆಮಾಕ್ ಅನ್ನುವ ಕಾಯಿಹಾಲಿನ ಅನ್ನದ ಜೊತೆ ಕೊಡುವ ಖಾರದಲ್ಲಿ ಸಣ್ಣ ಒಣಮೀನು. ಅಲ್ಲಿನ ಮಲಯ್ ಭಾಷೆಯಲ್ಲಿ ಈಕಾನ್ ಅಂದರೆ ಮೀನು, ಉದಾಂಗ್ ಅಂದರೆ ಸೀಗಡಿ, ಆಯಾಮ್ ಅಂದರೆ ಕೋಳಿ, ದಾಗಿಂಗ್ ಅಂದರೆ ಮಾಂಸ. ಈ ನಾಲ್ಕು ಪದ ವಿಮಾನದಲ್ಲೇ ಬಾಯಿಪಾಠ ಮಾಡಿ. ಚೀನೀಯರ ಒಂಬತ್ತು ದೇವರ ಹಬ್ಬ ಬಂದಾಗ, ಸಾಮಾನ್ಯವಾಗಿ ಅಕ್ಟೋಬರ್‌ನಲ್ಲಿ, ಒಂಬತ್ತು ದಿನ ಹಳದಿ ಬಾವುಟ ಕಟ್ಟಿದ ಗಾಡಿಗಳಲ್ಲೆಲ್ಲ ಸಸ್ಯಾಹಾರವೇ. ನಾವು ಆ ದಿನಗಳಲ್ಲಿ ಒಲೆ ಹಚ್ಚುತ್ತಲೇ ಇರಲಿಲ್ಲ. ದೋಸೆ ಮಾತ್ರ ಹೊರಗೆ ತಿನ್ನಬೇಡಿ. ನಮ್ಮ ಕಡೆಯವರಿಗೆ ಸುಮ್ನೆ ಬೇಜಾರು.

ಓಡಾಟಕ್ಕೆ ಬಸ್ಸು ಮತ್ತು ಗ್ರ್ಯಾಬ್ (ಫೋನಿನಲ್ಲಿ ಕರೆಸುವ ಟ್ಯಾಕ್ಸಿ), ತಿಂಗಳಿಗೆ ನಾನೂರು. ಜ್ವರ ನೆಗಡಿಗೆ ಕ್ಲಿನಿಕ್‌ನಲ್ಲೇ ಮಾತ್ರೆ ಕೊಡುತ್ತಾರೆ, ಫೀಸ್ ಸೇರಿ ಐವತ್ತು ಅರವತ್ತು. ಎಲ್ಲ ಕೂಡಿ ನಮಗೆ ತಿಂಗಳಿಗೆ 4,000ದಿಂದ 4,500 ಆಗುತ್ತಿತ್ತು. ಇನ್ನೊಂದು ವಿಷಯ ನಿಮಗೇ: ಡಿಪೆಂಡೆಂಟ್ ಪಾಸ್ (ಗಂಡನ ಜೊತೆ ಇರಲು ಕೊಡುವ ಪರವಾನಗಿ) ಮೇಲೆ ಹೋದ ಹೆಂಡತಿ ಅನುಮತಿ ಇಲ್ಲದೆ ಕೆಲಸ ಮಾಡುವಂತಿಲ್ಲ. ಎರಡನೇ ಸಂಬಳ ಲೆಕ್ಕಕ್ಕೆ ಹಿಡಿಯಬೇಡಿ.

ಒಯ್ಯುವುದು ಕಡಿಮೆ. ಮಿಕ್ಸಿ ಒಯ್ಯಿರಿ, ಅಲ್ಲೂ ನಮ್ಮ ಹಾಗೆ 230 ವೋಲ್ಟೇ. ಪಿನ್ ಮಾತ್ರ ಚೌಕದ ಮೂರು ಕಾಲಿನದು, ಅಡಾಪ್ಟರ್ ಅಲ್ಲೇ ಸಿಗುತ್ತದೆ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಸಾರಿನ ಪುಡಿ ಸಣ್ಣ ಸಣ್ಣ ಪ್ಯಾಕೆಟ್ ಮಾಡಿಸಿ, ಒಂದೊಂದೇ ಬಿಚ್ಚಬಹುದು. ಮಂಡಕ್ಕಿ ಬೇಡ. ಕುಕ್ಕರ್‌ಗೆ ಎರಡು ಗ್ಯಾಸ್ಕೆಟ್ ಹೆಚ್ಚಿಗೆ ಇಟ್ಟುಕೊಳ್ಳಿ, ನಮ್ಮ ಕುಕ್ಕರ್ ಕಂಪನಿಯ ಅಳತೆ ಅಲ್ಲಿ ಹುಡುಕಿ ಹುಡುಕಿ ಸಾಕಾಯಿತು.