ಸೋಮವಾರಪೇಟೆಯ ಹಳೇ ಪೆಂಟಿಯಂ 4ಗೆ ಯಾವ ಲಿನಕ್ಸ್ ಡಿಸ್ಕ್?

ಹಳೇ ಪೆಂಟಿಯಂ 4 ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕೋಕೆ ಹೋದ್ರೆ ಮೆಸೇಜ್ ಬಂದು ನಿಲ್ಲುತ್ತೆ, ಯಾವ ಡಿಸ್ಕ್ ಹಾಕ್ಬೇಕು ಅಂತ ಕೇಳಿದ್ರಿ. ನೀವು ಹಾಕಿರೋ ಉಬುಂಟು (ಒಂದು ಥರದ ಲಿನಕ್ಸ್) ಡಿಸ್ಕ್ 64 ಬಿಟ್‌ದು, ಮಿಷಿನ್ ಪ್ರೊಸೆಸರ್ ಹಳೇ ಥರದ 32 ಬಿಟ್‌ದು, ಅದಕ್ಕೇ 'ಎಕ್ಸ್86-64 ಸಿಪಿಯು ಬೇಕು, ಇರೋದು ಐ686' (64 ಬಿಟ್ ಬೇಕು, ಇರೋದು 32 ಬಿಟ್) ಅನ್ನೋ ಅರ್ಥದ ಮೆಸೇಜ್ ಬಂದು ಅಲ್ಲೇ ನಿಂತಿರೋದು. ಕಂಪ್ಯೂಟರ್ ಕೆಟ್ಟಿಲ್ಲ, ದಯವಿಟ್ಟು ಗುಜರಿಗೆ ಹಾಕಬೇಡಿ. ಪೆಂಟಿಯಂ 4ರಲ್ಲಿ ಎರಡೂ ಥರದ್ದು ಬಂದಿವೆ, ಬರೀ ಹೆಸರು ನೋಡಿ ಹೇಳೋಕಾಗಲ್ಲ, ಆದ್ರೆ ಈ ಮೆಸೇಜ್ ಬಂದ್ಮೇಲೆ ಅನುಮಾನ ಇಲ್ಲ.

ಉಬುಂಟುದವರು 32 ಬಿಟ್ ಡೆಸ್ಕ್‌ಟಾಪ್ ಡಿಸ್ಕ್ ಕೊಡೋದನ್ನ 2017ರಲ್ಲೇ ನಿಲ್ಲಿಸಿದ್ರು, ಇನ್ನೊಂದು ಲಿನಕ್ಸ್ ಆದ ಡೆಬಿಯನ್ 13ರಲ್ಲೂ ಇಲ್ಲ. ನಿಮ್ಮ 1 ಜಿಬಿ ರ‍್ಯಾಮ್‌ಗೆ ಆಂಟಿಎಕ್ಸ್ 23 ಅನ್ನೋ ಹಗುರ ಲಿನಕ್ಸ್ ಸರಿ. ಫೈಲ್ ಹೆಸರಲ್ಲಿ '386' (ಅಂದ್ರೆ 32 ಬಿಟ್) ಮತ್ತೆ 'ಫುಲ್' ಎರಡೂ ಇರೋದನ್ನೇ ಇಳಿಸ್ಕೊಳ್ಳಿ, 'ಎಕ್ಸ್64' ಅಂತಿದ್ರೆ ಮುಟ್ಟಬೇಡಿ. 'ನೆಟ್' ಅನ್ನೋದು ಚಿಕ್ಕದು ಅಂತ ಆಸೆಪಡಬೇಡಿ, ಬೇಕಾದ್ದನ್ನೆಲ್ಲ ಆಮೇಲೆ ಇಂಟರ್ನೆಟ್ಟಿಂದ್ಲೇ ತರಬೇಕು, ಆಟಿ ತಿಂಗಳ ಮಳೇಲಿ ನಮ್ಮ ಕಡೆ ಕರೆಂಟ್ ಹೋದ್ರೆ ಹಿಂದೇನೇ ನೆಟ್ಟೂ ಹೋಗುತ್ತಲ್ಲ, ಅರ್ಧಕ್ಕೇ ನಿಲ್ಲುತ್ತೆ.

ಫುಲ್ ಸಿಡಿಗೆ ಹಿಡಿಸಲ್ಲ, ಡಿವಿಡಿನೇ ಬೇಕು, ಡ್ರೈವ್ ಮುಂಭಾಗದಲ್ಲಿ ಡಿವಿಡಿ ಗುರುತಿದ್ಯಾ ಮೊದ್ಲು ನೋಡಿ. ಇಲ್ದಿದ್ರೆ ಪೆನ್‌ಡ್ರೈವ್ ಟ್ರೈ ಮಾಡಿ, ಆ ಕಾಲದ ಕೆಲವು ಮದರ್‌ಬೋರ್ಡ್ ಅದರಿಂದ ಬೂಟ್ ಆಗುತ್ತೆ (ಶುರುವಾಗುತ್ತೆ), ಕೆಲವು ಆಗಲ್ಲ.

ಬರ್ನ್ ಮಾಡೋಕೆ ಮುಂಚೆ ಚೆಕ್‌ಸಮ್ (ಫೈಲ್ ಸರಿಯಾಗಿ ಇಳಿದಿದ್ಯಾ ಅಂತ ತೋರಿಸೋ ಕೋಡು) ತಾಳೆ ನೋಡಿ. ಫೈಲನ್ನ ಹಂಗೇ ಕಾಪಿ ಮಾಡದೆ, ವಿಂಡೋಸ್‌ನಲ್ಲಿ ಅದರ ಮೇಲೆ ರೈಟ್ ಕ್ಲಿಕ್ ಮಾಡಿ 'ಬರ್ನ್ ಡಿಸ್ಕ್ ಇಮೇಜ್' ಒತ್ತಿ, ಸ್ಪೀಡ್ ಕಮ್ಮಿ ಇಡೋಕೆ ಆಗೋದಾದ್ರೆ ಕಮ್ಮಿನೇ ಇಡಿ. ಬಯೋಸಲ್ಲಿ (ಮಿಷಿನ್ ಶುರುವಾಗುವಾಗ ತೆರೆಯೋ ಸೆಟ್ಟಿಂಗ್) ಡಿವಿಡಿ ಡ್ರೈವ್ ಮೊದಲು ಬರೋ ಹಾಗೆ ಮಾಡಿ, ಇನ್‌ಸ್ಟಾಲ್ ಒತ್ತದೆ ಲೈವ್ ಆಗೇ, ಅಂದ್ರೆ ಡಿಸ್ಕಿಂದ್ಲೇ, ಓಡಿಸಿ ಸೌಂಡು, ನೆಟ್ಟು ಬರುತ್ತಾ ನೋಡಿ, ಫೋಟೋ ಗೀಟೋ ಇದ್ರೆ ಅಲ್ಲಿಂದ್ಲೇ ಪೆನ್‌ಡ್ರೈವಿಗೆ ತಗೊಂಡು ಆಮೇಲೆ ಇನ್‌ಸ್ಟಾಲ್ ಮಾಡಿ.