ನಮ್ಮ ಮನೆಗೆ ನಾಲ್ಕು ಸ್ಟಾರು!

ಪ್ರಶ್ನೆ: ಕೊರಿಯರ್‌ನವರಿಗೆ ದಾರಿ ಸಿಗಲಿ ಅಂತ ಮಗ ಗೂಗಲ್ ಮ್ಯಾಪ್‌ನಲ್ಲಿ ನಮ್ಮ ಮನೆ ಸೇರಿಸಿದ್ದ. ಯಜಮಾನರ ಹೆಸರು, ನನ್ನ ಮೊಬೈಲ್ ನಂಬರ್, ಗೇಟಿನ ಫೋಟೊ ಎಲ್ಲಾ ಇದೆ. ಈಗ ಯಾರ್ಯಾರೋ ಫೋನ್ ಮಾಡುತ್ತಾರೆ. ಮಗ ಬೆಂಗಳೂರಿನಲ್ಲಿ, ಇಲ್ಲಿ ನಾವಿಬ್ಬರೇ. ತೆಗೆಸುವುದು ಹೇಗೆ?
– ಓದುಗರೊಬ್ಬರು, ಶಿರಸಿ

ಉತ್ತರ: ಮಗನಿಗೆ ಬೈಯಬೇಡಿ ಅಮ್ಮಾ, ನಾನೂ ಇದನ್ನೇ ಮಾಡಿದವನು. 2019ರಲ್ಲಿ ಮೈಸೂರಿನಲ್ಲಿ ನಮ್ಮ ಗೃಹಪ್ರವೇಶ. ‘ನೀರಿನ ಟ್ಯಾಂಕ್ ಹಿಂದೆ, ಎಡಕ್ಕೆ ಎರಡನೇ ರಸ್ತೆ’ ಅಂತ ನೂರು ಜನಕ್ಕೆ ಹೇಳುವ ಬದಲು ಮ್ಯಾಪ್‌ಗೆ ಹಾಕಿಬಿಟ್ಟೆ. ನೆಂಟರು ಉಂಡು ಹೋದರು, ಮನೆ ಮ್ಯಾಪ್‌ನಲ್ಲೇ ಉಳಿಯಿತು. ಎರಡು ವರ್ಷ ಬಿಟ್ಟು ನೋಡಿದರೆ ನಮ್ಮ ಮನೆಗೆ ನಾಲ್ಕು ಸ್ಟಾರು! ಯಾರೋ ಪುಣ್ಯಾತ್ಮ ‘ಹೋಳಿಗೆ ಚೆನ್ನಾಗಿತ್ತು, ಪಾರ್ಕಿಂಗ್ ಇಲ್ಲ’ ಅಂತ ಬರೆದಿದ್ದ. ನಕ್ಕೆವು. ಕೆಳಗಿದ್ದ ಫೋಟೊದಲ್ಲಿ ಹೆಂಡತಿಯ ಸ್ಕೂಟರ್ ನಂಬರ್, ಕಿಟಕಿ ಮೊಳೆಗೆ ತೂಗುಹಾಕಿದ್ದ ಬೀಗದ ಕೈ ಗೊಂಚಲು ಕಂಡಾಗ ನಗು ನಿಂತಿತು.

ಮ್ಯಾಪ್‌ನಲ್ಲಿ ‘ಹೋಮ್’ ಅಂತ ಗುರುತು ಮಾಡಿದರೆ ಅದು ನಿಮ್ಮ ಖಾತೆಗೆ ಮಾತ್ರ ಕಾಣುತ್ತದೆ. ‘ಆ್ಯಡ್ ಪ್ಲೇಸ್’ ಒತ್ತಿದರೆ ಮನೆ ಹೋಟೆಲ್, ಅಂಗಡಿಗಳ ಸಾಲಿಗೆ ಸೇರಿ ಎಲ್ಲರಿಗೂ ಕಾಣುತ್ತದೆ. ಎಡವಟ್ಟಾಗುವುದು ಇಲ್ಲೇ.

ತೆಗೆಸಲು ಮ್ಯಾಪ್‌ನಲ್ಲಿ ನಿಮ್ಮ ಮನೆ ಹೆಸರು ಒತ್ತಿ, ‘ಸಜೆಸ್ಟ್ ಆ್ಯನ್ ಎಡಿಟ್’, ಆಮೇಲೆ ‘ಕ್ಲೋಸ್ ಆರ್ ರಿಮೂವ್’ಗೆ ಹೋಗಿ. ಇದು ಖಾಸಗಿ ಜಾಗ ಅನ್ನುವ ಕಾರಣ ಆರಿಸಿ ಕಳಿಸಿ. ಗೂಗಲ್‌ನವರು ನೋಡಿ ಒಪ್ಪಬೇಕು, ತಡವಾಗಬಹುದು. ಒಪ್ಪದಿದ್ದರೆ ಮತ್ತೆ ಕಳಿಸಿ. ಗೇಟಿನ ಫೋಟೊವನ್ನು ಮಗನೇ ತನ್ನ ಖಾತೆಯಿಂದ ಅಳಿಸಲಿ. ಬೇರೆಯವರು ಹಾಕಿದ್ದರೆ ನೀವು ರಿಪೋರ್ಟ್ ಮಾಡಬಹುದು.

ಇನ್ನು ಕೊರಿಯರ್ ಹುಡುಗನಿಗೆ ವಾಟ್ಸ್ಆ್ಯಪ್‌ನಲ್ಲಿ ಲೊಕೇಶನ್ ಕಳಿಸಿದರೆ ಸಾಕು. ‘ಲೈವ್’ ಬೇಡ. ಅದರಲ್ಲಿ ಎಂಟು ಗಂಟೆ ಆರಿಸಿಬಿಟ್ಟರೆ ನೀವು ತರಕಾರಿಗೆ ಹೋದದ್ದೂ ಅವನಿಗೆ ಕಾಣುತ್ತದೆ.

ಪ್ರಶ್ನೆ: ಮೂಲವ್ಯಾಧಿ ಬಗ್ಗೆ ಗೂಗಲ್‌ನಲ್ಲಿ ಹುಡುಕಿದ್ದೆ. ಮೊನ್ನೆ ಮೊಮ್ಮಗ ನನ್ನ ಮೊಬೈಲ್‌ನಲ್ಲಿ ‘ಮೂ’ ಅಂತ ಟೈಪ್ ಮಾಡಿದ, ಅದೇ ಬಂತು! ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಹುಡುಕಿದರೆ ಯಾರಿಗೂ ಗೊತ್ತಾಗುವುದಿಲ್ಲವೇ?
– ಓದುಗರೊಬ್ಬರು, ಹಾಸನ

ಉತ್ತರ: ಮೊಮ್ಮಗನಿಗೆ ಗೊತ್ತಾಗುವುದಿಲ್ಲ, ಅಷ್ಟೇ. ಫೋನಿನಲ್ಲಿ ಗುರುತು ಉಳಿಯದಂತೆ ನೋಡಿಕೊಳ್ಳುವುದು ಅದರ ಕೆಲಸ. ನೀವು ಯಾವ ವೆಬ್‌ಸೈಟಿಗೆ ಹೋದಿರಿ ಅಂತ ಇಂಟರ್‌ನೆಟ್ ಕೊಡುವ ಕಂಪನಿಗೆ ಕಾಣುತ್ತದೆ, ಆ ವೆಬ್‌ಸೈಟಿಗಂತೂ ಕಂಡೇ ಕಾಣುತ್ತದೆ. ಇದರ ಬಗ್ಗೆಯೇ ಅಮೆರಿಕದಲ್ಲಿ 2020ರಲ್ಲಿ ಗೂಗಲ್ ಮೇಲೆ ಕೇಸು ಹಾಕಿದ್ದರು. ಇನ್‌ಕಾಗ್ನಿಟೊದಲ್ಲಿ ಸಂಗ್ರಹವಾಗಿದ್ದ ರಾಶಿ ರಾಶಿ ಮಾಹಿತಿ ನಾಶ ಮಾಡುತ್ತೇವೆ ಅಂತ 2024ರಲ್ಲಿ ಗೂಗಲ್‌ನವರು ರಾಜಿಯಾದರು.

ನೀವು ಗೂಗಲ್ ಖಾತೆಯಲ್ಲಿ ‘ವೆಬ್ ಆ್ಯಂಡ್ ಆ್ಯಪ್ ಆ್ಯಕ್ಟಿವಿಟಿ’ ಹುಡುಕಿ. ಹಳೆಯ ಹುಡುಕಾಟ ಅಳಿಸಿ, ಮುಂದಿನದು ಮೂರು ತಿಂಗಳಾದ ಮೇಲೆ ತಾನಾಗಿ ಅಳಿಯುವಂತೆ ಇಡಿ. ಬೇಡವೇ ಬೇಡ ಅಂದರೆ ಆಫ್ ಮಾಡಿ. ಓಡಾಟದ ದಾಖಲೆ ಇಡುವ ‘ಲೊಕೇಶನ್ ಹಿಸ್ಟರಿ’ (ಈಗ ಅದರ ಹೆಸರು ‘ಟೈಮ್‌ಲೈನ್’) ಆಫ್ ಮಾಡಿದ್ದೇನಲ್ಲ ಅಂತ ಸುಮ್ನೆ ಕೂರಬೇಡಿ. ಅದನ್ನು ಆಫ್ ಮಾಡಿದರೂ ಈ ‘ವೆಬ್ ಆ್ಯಂಡ್ ಆ್ಯಪ್ ಆ್ಯಕ್ಟಿವಿಟಿ’ ಮೂಲಕ ಓಡಾಟ ದಾಖಲಾಗುತ್ತಿತ್ತು ಅಂತ 2018ರಲ್ಲೇ ಸುದ್ದಿಸಂಸ್ಥೆ ಎಪಿ ಹೊರಗೆಳೆದಿತ್ತು.

ಅಂದಹಾಗೆ, ಡಾಕ್ಟರಿಗೆ ತೋರಿಸಿದಿರಾ?